ಎಡಗೈಗೆ ಏನು ಕೆಲಸ? ಪುಟ್ಟ ಮಿಡಿ ಕೀಬೋರ್ಡ್ ಆರಿಸುವವರಿಗೆ

ಹಾರ್ಮೋನಿಯಂ ನುಡಿಸುವವರ ಎಡಗೈ ತಿದಿಯ ಮೇಲಿರುತ್ತದೆ, ರಾಗವೆಲ್ಲ ಬಲಗೈಯದು. ಪಿಯಾನೊ ಕಲಿತವರ ಎರಡೂ ಕೈಗಳು ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಕೀಗಳ, ಮೇಲೆಯೇ ಓಡಾಡುತ್ತವೆ. ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿ ನುಡಿಸುವ ಪುಟ್ಟ ಮಿಡಿ ಕೀಬೋರ್ಡ್ ಕೊಳ್ಳಲು ಹೊರಟವರು ‘ಯಾವ ಕಂಪನಿಯದು ಒಳ್ಳೆಯದು?’ ಎಂದು ಕೇಳಿದಾಗಲೆಲ್ಲ ನಾನು ಮೊದಲು ತಿಳಿದುಕೊಳ್ಳಲು ಬಯಸುವುದು ಇದನ್ನೇ: ಬಲಗೈ ನುಡಿಸುತ್ತಿರುವಾಗ ನಿಮ್ಮ ಎಡಗೈ ಏನು ಮಾಡಬೇಕು? ಸ್ವರವನ್ನು ಬಾಗಿಸಬೇಕೆ, ತಾಳ ಹಿಡಿಯಬೇಕೆ, ಹಲವು ಸ್ವರಗಳನ್ನು ಒಟ್ಟಿಗೆ ಹಿಡಿದು ಕಾರ್ಡ್ ಒತ್ತಬೇಕೆ, ನಾದವನ್ನು ಏರಿಸಿ ಇಳಿಸಬೇಕೆ? ಈ ನಾಲ್ಕಕ್ಕೂ ಸಮನಾಗಿ ಒಗ್ಗುವ ಪುಟ್ಟ ಪೆಟ್ಟಿಗೆಯನ್ನು ನಾನು ಕಂಡಿಲ್ಲ. ಒಂದೊಂದಕ್ಕೆ ಚೆನ್ನಾಗಿ ಒಗ್ಗುವವು ಬೇಕಾದಷ್ಟಿವೆ.

ನಾನು ಹಾರ್ಮೋನಿಯಂ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತವನು. ಭಾವಗೀತೆಗಳಿಗೆ, ಶಾಲಾ ಮಕ್ಕಳ ನಾಟಕಗಳಿಗೆ ಮನೆಯ ಕೋಣೆಯಲ್ಲೇ ಸಂಗೀತ ಕೂಡಿಸುತ್ತೇನೆ. ಹಾಗಾಗಿ ಇಲ್ಲಿನ ಹೋಲಿಕೆ ನಮ್ಮ ಹಾಡಿಕೆಯ ಕಡೆಗೆ ಸ್ವಲ್ಪ ವಾಲಿರುತ್ತದೆ. ನೃತ್ಯದ ಎಲೆಕ್ಟ್ರಾನಿಕ್ ಸಂಗೀತ ಮಾಡುವವರ ತೂಕದ ಕಲ್ಲುಗಳು ಬೇರೆ.

ಹೋಲಿಕೆಗೆ ಮುನ್ನ ಒಂದು ಮಾತು ಹೇಳಲೇಬೇಕು. ಪರಿಚಯದ ಒಬ್ಬ ತಂದೆ ಮಗಳ ಹುಟ್ಟುಹಬ್ಬಕ್ಕೆ ಇಂಥದ್ದೊಂದನ್ನು ತಂದು, ಮೊಬೈಲ್ ಚಾರ್ಜರಿಗೆ ಸಿಕ್ಕಿಸಿ, ದೀಪಗಳೆಲ್ಲ ಹೊತ್ತಿಕೊಂಡರೂ ಸದ್ದೇ ಬರುತ್ತಿಲ್ಲವೆಂದು ಕಂಗಾಲಾಗಿ ಕರೆ ಮಾಡಿದ್ದರು. ಪೆಟ್ಟಿಗೆ ಕೆಟ್ಟಿರಲಿಲ್ಲ. ಇಂಥ ಕೀಬೋರ್ಡಿಗೆ ಮಿಡಿ ಕಂಟ್ರೋಲರ್ ಎಂದೂ ಹೆಸರು, ಅದರೊಳಗೆ ಸ್ವರವೇ ಇರುವುದಿಲ್ಲ. ‘ಇಂಥ ಮನೆಯನ್ನು ಇಷ್ಟು ಬಿರುಸಾಗಿ ಒತ್ತಿದರು, ಈಗ ಬಿಟ್ಟರು’ ಎಂಬ ಸುದ್ದಿಯನ್ನಷ್ಟೇ ಅದು ಕಳಿಸುತ್ತದೆ. ಸುದ್ದಿಯನ್ನು ಸ್ವರವಾಗಿಸುವುದು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇರುವ ತಂತ್ರಾಂಶ. ಸಿಕ್ಕಿಸಿದ ಕೂಡಲೇ ನುಡಿಯುವ ವಾದ್ಯವೇ ಬೇಕಾದರೆ ಸ್ಪೀಕರ್ ಒಳಗಿರುವ ಅಕಾಯ್ ಎಂಪಿಕೆ ಮಿನಿ ಪ್ಲೇ, ಅಥವಾ 37 ಸಣ್ಣ ಮನೆಗಳ ಯಮಾಹಾ ಪಿಎಸ್ಎಸ್-ಎ50 ನೋಡಿ. ಎರಡೂ ಯುಎಸ್‌ಬಿ ಮೂಲಕ ಮಿಡಿಯನ್ನೂ ಕಳಿಸುತ್ತವೆ. ಇನ್ನೊಂದು ಮಾತು: ಮನೆಯಲ್ಲಿ ಈಗಾಗಲೇ ಒಂದು ದೊಡ್ಡ ಕೀಬೋರ್ಡ್ ಇದ್ದರೆ, ಅದರ ಹಿಂಬದಿಯಲ್ಲಿ ಕಂಪ್ಯೂಟರಿಗೆ ಜೋಡಿಸುವ ಚೌಕಾಕಾರದ ಯುಎಸ್‌ಬಿ ಕಿಂಡಿ ಇದೆಯೇ ನೋಡಿ. ಇದ್ದರೆ ನಿಮ್ಮ ಬಳಿ ಮಿಡಿ ಕಂಟ್ರೋಲರ್ ಇದ್ದಂತೆಯೇ. ಹೊಸದಕ್ಕೆ ಹಣ ಹಾಕುವ ಮುನ್ನ ಅದನ್ನೇ ಒಂದು ತಿಂಗಳು ಬಳಸಿ.

ಕಣದಲ್ಲಿರುವವರು

ಹತ್ತಿರಹತ್ತಿರ ಒಂದೇ ವರ್ಗಕ್ಕೆ ಸೇರಿದ ನಾಲ್ಕನ್ನು ತೆಗೆದುಕೊಳ್ಳುತ್ತೇನೆ. ಅಕಾಯ್ ಎಂಪಿಕೆ ಮಿನಿಯ ಮೂರನೆಯ ತಲೆಮಾರಿನಲ್ಲಿ 25 ಸಣ್ಣ ಮನೆಗಳು, ಬೆರಳಿನಿಂದ ಬಡಿಯುವ 8 ಪ್ಯಾಡ್, 8 ತಿರುಗಣೆ, ಒಂದು ಪುಟ್ಟ ಜಾಯ್‌ಸ್ಟಿಕ್ ಇವೆ. ತೂಕ ಮುಕ್ಕಾಲು ಕಿಲೋ. ಆರ್ಟೂರಿಯಾ ಮಿನಿಲ್ಯಾಬ್ 3ರಲ್ಲಿ ಅಷ್ಟೇ ಮನೆ, ಅಷ್ಟೇ ಪ್ಯಾಡ್, ಅಷ್ಟೇ ತಿರುಗಣೆ. ಜೊತೆಗೆ 4 ಜಾರುಗುಂಡಿಗಳು, ಜಾಯ್‌ಸ್ಟಿಕ್ಕಿನ ಬದಲು ಎರಡು ಸ್ಪರ್ಶಪಟ್ಟಿಗಳು. ಇದು ಹೆಚ್ಚು ಭಾರ, ಮೇಜಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ನೊವೇಶನ್ ಲಾಂಚ್‌ಕೀ ಮಿನಿಯಲ್ಲೂ 25 ಮನೆ, 8 ತಿರುಗಣೆ, ಎರಡು ಸ್ಪರ್ಶಪಟ್ಟಿ ಇವೆ, ಆದರೆ ಪ್ಯಾಡ್‌ಗಳು 16. ಕೋರ್ಗ್ ಮೈಕ್ರೋಕೀ ಪ್ಯಾಡ್, ತಿರುಗಣೆಗಳ ಗೊಡವೆಗೇ ಹೋಗದ ಸರಳ ಪೆಟ್ಟಿಗೆ. 25ರಿಂದ 61 ಮನೆಗಳವರೆಗೆ ಸಿಗುತ್ತದೆ, ಏರ್ ಎಂಬ ಮಾದರಿ ಬ್ಯಾಟರಿಯಲ್ಲಿ ಬ್ಲೂಟೂತ್ ಮೂಲಕ ನಡೆಯುತ್ತದೆ.

ಎಡಗೈ ಸ್ವರವನ್ನು ಬಾಗಿಸುವುದಾದರೆ

ನಮ್ಮ ಸಂಗೀತಕ್ಕೆ ಎಲ್ಲಕ್ಕಿಂತ ಮುಖ್ಯವಾದ, ಮಾರಾಟದ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಜಾಗ ಪಡೆಯುವ ವಿಷಯ ಇದು. ಹಾರ್ಮೋನಿಯಂನಲ್ಲಿ ಗಮಕ ಬಾರದೆಂಬ ಕೊರಗು ನೂರು ವರ್ಷಗಳಿಗೂ ಹಳೆಯದು. ಮಿಡಿ ಕೀಬೋರ್ಡಿನಲ್ಲಿ ಆ ಕೊರಗಿಗೆ ಅರ್ಧ ಪರಿಹಾರ ಇದೆ, ಅದಕ್ಕೆ ಪಿಚ್ ಬೆಂಡ್ ಎಂದು ಹೆಸರು. ಒತ್ತಿದ ಮನೆಯ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಎಳೆಯಬಹುದು. ಒತ್ತುವ ಬಿರುಸನ್ನು 128 ಹಂತಗಳಲ್ಲಿ ಮಾತ್ರ ಹೇಳಬಲ್ಲ ಮಿಡಿ, ಈ ಎಳೆತಕ್ಕೆ ಮಾತ್ರ 16,384 ಹಂತಗಳನ್ನು ಇಟ್ಟಿದೆ. ಆದ್ದರಿಂದ ಜಾರು ಮೆಟ್ಟಿಲು ಮೆಟ್ಟಿಲಾಗಿ ಕೇಳುವುದಿಲ್ಲ, ನುಣುಪಾಗಿಯೇ ಇರುತ್ತದೆ.

ಹೆಚ್ಚಿನ ತಂತ್ರಾಂಶ ವಾದ್ಯಗಳಲ್ಲಿ ಎಳೆತದ ಮಿತಿ ಮೊದಲಿಗೆ ಮೇಲೆ ಎರಡು ಅರೆಸ್ವರ, ಕೆಳಗೆ ಎರಡು ಅರೆಸ್ವರ ಇರುತ್ತದೆ. ಇದನ್ನು ತೋಡಿಯ ಗಾಂಧಾರಕ್ಕೆ ಹಿಡಿದು ನೋಡಿ. ಆ ಗಾಂಧಾರ ರಿಷಭ ಮತ್ತು ಮಧ್ಯಮಗಳ ನಡುವೆ ತೂಗಬೇಕು. ಸಾಧಾರಣ ಗಾಂಧಾರದ ಮನೆಯಿಂದ ಎರಡು ಅರೆಸ್ವರ ಕೆಳಗೆ ಶುದ್ಧ ರಿಷಭ, ಎರಡು ಅರೆಸ್ವರ ಮೇಲೆ ಶುದ್ಧ ಮಧ್ಯಮ. ಪೆಟ್ಟಿಗೆ ಕೊಟ್ಟ ಮಿತಿಯೊಳಗೇ ಇಡೀ ಗಮಕ ಕೂತುಬಿಡುತ್ತದೆ! ಇದನ್ನು ಕಂಡುಕೊಂಡ ದಿನ ಆ ಒಂದು ಸ್ವರವನ್ನೇ ತೂಗುತ್ತ ಇಡೀ ಸಂಜೆ ಕಳೆದಿದ್ದೆ. ಷಡ್ಜದಿಂದ ಪಂಚಮಕ್ಕೆ ಜಾರಬೇಕಾದರೆ ಮಾತ್ರ ಮಿತಿಯನ್ನು ಏಳಕ್ಕೋ ಹನ್ನೆರಡಕ್ಕೋ ಏರಿಸಬೇಕು. ಆಗ ಬೆರಳಿನ ಕೂದಲೆಳೆಯ ಅಲುಗಾಟವೂ ಶ್ರುತಿಯನ್ನು ಕದಲಿಸುತ್ತದೆ. ನಾನು ಎರಡರಲ್ಲೇ ಇಟ್ಟುಕೊಂಡು, ದೊಡ್ಡ ಜಾರು ಬೇಕಾದ ಕಡೆ ಮಾತ್ರ ಬದಲಿಸುತ್ತೇನೆ.

ಈಗ ಸಾಧನಗಳ ವ್ಯತ್ಯಾಸ. ಚಕ್ರಕ್ಕೆ ಸಾಟಿಯಿಲ್ಲ: ಹೆಬ್ಬೆರಳಿಗೆ ಅಂಚು ಸಿಗುತ್ತದೆ, ದೂರ ಸಾಕಷ್ಟಿರುತ್ತದೆ, ಬಿಟ್ಟರೆ ನಡುವಿಗೆ ಮರಳುತ್ತದೆ. ಮೈಕ್ರೋಕೀಯ 37 ಮತ್ತು ಅದಕ್ಕಿಂತ ದೊಡ್ಡ ಮಾದರಿಗಳಲ್ಲಿ ಚಕ್ರಗಳಿವೆ. 25 ಮನೆಗಳದ್ದರಲ್ಲಿ ಜಾಯ್‌ಸ್ಟಿಕ್. ಎಂಪಿಕೆಯ ಜಾಯ್‌ಸ್ಟಿಕ್ ಹೆಬ್ಬೆರಳಿನಡಿ ಚೆನ್ನಾಗಿ ಸಿಗುತ್ತದೆ, ಆಂದೋಲನಕ್ಕೆ ಹಿತವಾಗಿದೆ. ಆದರೆ ಅದು ಓಡಾಡುವ ದೂರ ಕಡಿಮೆ, ನಡುವೆ ಎಲ್ಲಾದರೂ ನಿಲ್ಲಿಸಿ ಹಿಡಿಯುವುದು ಕಷ್ಟ. ಸ್ಪರ್ಶಪಟ್ಟಿಯ ಕಥೆ ಬೇರೆ. ಬೆರಳು ಎಲ್ಲಿ ತಾಗುತ್ತದೋ ಸ್ವರ ಅಲ್ಲಿಗೆ ಹಾರುತ್ತದೆ. ಸರಿಯಾಗಿ ನಡುವೆ ಬೆರಳಿಟ್ಟು ಆಮೇಲೆ ಎಳೆಯುವುದನ್ನು ರೂಢಿಸಿಕೊಂಡವರಿಗೆ ವೀಣೆಯ ತಂತಿ ಎಳೆದಂಥ ಅನುಭವ ಸಿಗುತ್ತದೆ. ರೂಢಿಸಿಕೊಳ್ಳಲು ನನಗೆ ವಾರಗಳೇ ಹಿಡಿದವು. ಎಂ-ಆಡಿಯೋ ಕೀಸ್ಟೇಷನ್ ಮಿನಿ 32ರಂತೆ ಪಿಚ್ ಬೆಂಡನ್ನು ಒತ್ತುಗುಂಡಿಗಳಲ್ಲಿ ಇಟ್ಟಿರುವ ಪೆಟ್ಟಿಗೆಗಳಿವೆ. ಬೆಲೆ ಕಡಿಮೆ, ಚೀಲದಲ್ಲಿ ಹಗುರ. ಗಮಕಕ್ಕೆ ಮಾತ್ರ ನಾನು ಅವನ್ನು ಯಾರಿಗೂ ಹೇಳಲಾರೆ.

ಒಟ್ಟಿನಲ್ಲಿ ರಾಗದ ಕೆಲಸವೇ ಮುಖ್ಯವಾಗಿದ್ದರೆ ಪ್ಯಾಡ್‌ಗಳ ಮಿನುಗು ಬಿಟ್ಟು 37 ಮನೆಗಳ ಮೈಕ್ರೋಕೀ ತೆಗೆದುಕೊಳ್ಳಿ. 25ರಲ್ಲೇ ಬೇಕಾದರೆ ಎಂಪಿಕೆ.

ಎಡಗೈಯಲ್ಲಿ ತಿದಿಯೇ ಇರಲಿ ಎನ್ನುವವರಿಗೆ

ಹಾರ್ಮೋನಿಯಂನವರಿಗೆ ಮಿಡಿಯಲ್ಲಿ ಮೊದಲು ಸಪ್ಪೆಯೆನಿಸುವುದು ಉಸಿರಿಲ್ಲದಿರುವುದು. ಮನೆ ಒತ್ತಿದ ಕ್ಷಣದ ಬಿರುಸು ಮಾತ್ರ ದಾಖಲಾಗುತ್ತದೆ. ಆಮೇಲೆ ಸ್ವರ ಬಿಗಿದು ನಿಂತಂತೆ ನಿಲ್ಲುತ್ತದೆ. ಕೊಳಲು, ಪಿಟೀಲು, ಹಾರ್ಮೋನಿಯಂ ನಾದಗಳಿಗೆ ಇದು ಸಾಲದು. ಮಿಡಿಯಲ್ಲಿ 11ನೆಯ ಸಂಖ್ಯೆಯ ನಿಯಂತ್ರಣ ಎಕ್ಸ್‌ಪ್ರೆಶನ್ ಎಂದಿದೆ. ಅದನ್ನು ಎಡಗೈಗೆ ಕೊಟ್ಟರೆ ಅದೇ ನಿಮ್ಮ ತಿದಿ.

ಇಲ್ಲಿ ಮಿನಿಲ್ಯಾಬ್ 3 ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ. ಅದರ ಒಂದು ಜಾರುಗುಂಡಿಗೆ 11ನ್ನು ವಹಿಸಿ, ಸಾಲು ಏರುವಾಗ ಮೇಲಕ್ಕೆ ತಳ್ಳಿ, ಉಸಿರು ತೆಗೆಯುವ ಕಡೆ ಕೆಳಗಿಳಿಸಿ. ಹಾಡು ಉಸಿರಾಡತೊಡಗುತ್ತದೆ. ಎಂಪಿಕೆಯ ಜಾಯ್‌ಸ್ಟಿಕ್ಕನ್ನೂ ಹೀಗೆ ಹೊಂದಿಸಬಹುದು, ಆದರೆ ಬೆರಳು ತೆಗೆದೊಡನೆ ಅದು ತನ್ನ ಜಾಗಕ್ಕೆ ಜಿಗಿಯುವುದರಿಂದ ನಾದ ಒಮ್ಮೆಲೇ ಉಡುಗುತ್ತದೆ. ತಿರುಗಣೆಯಲ್ಲಿ ಮಾಡಬಹುದೇ ಎಂದರೆ ಮಾಡಬಹುದು, ಬೆರಳ ತುದಿಗಳಿಗೆ ತಿರುಗಿಸುತ್ತಲೇ ಇರುವ ಕೆಲಸ ಬೇಗ ಬೇಸರ ತರಿಸುತ್ತದೆ.

ಮಿನಿಲ್ಯಾಬ್ 3ರ ಹಿಂಬದಿಯ ಪೆಡಲ್ ಕಿಂಡಿಗೆ ಸ್ವರವನ್ನು ಹಿಡಿದು ನಿಲ್ಲಿಸುವ ಸಸ್ಟೇನ್ ಪೆಡಲ್ ಅಷ್ಟೇ ಅಲ್ಲ, ನಾದವನ್ನು ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲನ್ನೂ ಸಿಕ್ಕಿಸಬಹುದು. ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ನೆನಪಿದೆಯೇ? ತಿದಿಯನ್ನು ಪಾದಗಳಿಗೆ ಕೊಟ್ಟು ಮೇಷ್ಟ್ರು ಎರಡೂ ಕೈಗಳಿಂದ ನುಡಿಸುತ್ತಿದ್ದರು. ಇದೂ ಅದೇ ಉಪಾಯ. ಕಾಲು ನಾದವನ್ನು ನೋಡಿಕೊಂಡರೆ ಎಡಗೈ ಗಮಕಕ್ಕೆ ಬಿಡುವಾಗುತ್ತದೆ. ಎಂಪಿಕೆ, ಲಾಂಚ್‌ಕೀ ಮಿನಿಗಳಿಗೆ ಸಸ್ಟೇನ್ ಪೆಡಲ್ ಕಿಂಡಿ ಇದೆ, ಅಷ್ಟೇ.

ತಾಳ, ನಾಟಕ, ಕಾರ್ಡ್

ಪ್ಯಾಡ್‌ಗಳ ಮೇಲೆ ತಬಲದ ಬೋಲ್‌ಗಳನ್ನು ಕೂರಿಸಿಕೊಂಡು ಕೆಹರ್ವಾದ 8 ಮಾತ್ರೆ, ದಾದ್ರಾದ 6 ಮಾತ್ರೆ ನುಡಿಸುವುದಕ್ಕೆ ಎಂಪಿಕೆಯ ಪ್ಯಾಡ್‌ಗಳೇ ಕೈಗೆ ಹಿತ. ದಪ್ಪ, ಅಗಲ, ಬೆರಳಿಗೆ ಪುಟಿಯುವ ರಬ್ಬರು. ಮಿನಿಲ್ಯಾಬಿನವು ಒಂದೇ ಸಾಲಿನಲ್ಲಿ ಚಿಕ್ಕದಾಗಿವೆ. ನಿಧಾನ ಲಯಕ್ಕೆ ಸಾಕು, ದುಗುನ್‌ಗೆ (ಇಮ್ಮಡಿ ವೇಗಕ್ಕೆ) ಹೋದರೆ ಬೆರಳುಗಳು ಒಂದಕ್ಕೊಂದು ತಾಗುತ್ತವೆ. ತಬಲದ ಎಡಗೈ ಪಕ್ಕದ ಬಾಯಾದ ಗುಮುಕು ಮಾತ್ರ ಯಾವ ಪ್ಯಾಡಿನಿಂದಲೂ ಬರುವುದಿಲ್ಲ. ಅದಕ್ಕೆ ಬಾಯಾದ ಸ್ವರವನ್ನು ಮನೆಯೊಂದಕ್ಕೆ ಕೂರಿಸಿ ಪಿಚ್ ಬೆಂಡ್ ಎಳೆಯುವುದೇ ದಾರಿ.

ನಾಟಕಕ್ಕೆ ಸಂಗೀತ ಕೊಡುವವರಿಗೆ ಲಾಂಚ್‌ಕೀ ಮಿನಿ ವರದಾನ. ಅಬ್ಲೆಟನ್ ಲೈವ್ ತಂತ್ರಾಂಶದಲ್ಲಿ ಜೋಡಿಸಿಟ್ಟ ತುಣುಕುಗಳು ಅದರ 16 ಪ್ಯಾಡ್‌ಗಳಲ್ಲಿ ಅದೇ ಬಣ್ಣಗಳಲ್ಲಿ ಬೆಳಗುತ್ತವೆ. ಗುಡುಗಿಗೆ ನೀಲಿ, ಗುಡಿಯ ಗಂಟೆಗೆ ಹಳದಿ, ಕುದುರೆಯ ಗೊರಸಿಗೆ ಕೆಂಪು. ರಂಗದ ಪಕ್ಕದ ಕತ್ತಲಲ್ಲಿ ಕುಳಿತು, ಬಾಲಕನ ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ ಮಳೆ ಸುರಿಸಬಹುದು. ಲೈವ್‌ನ ಸಣ್ಣ ಆವೃತ್ತಿ ಪೆಟ್ಟಿಗೆಯ ಜೊತೆಗೇ ಬರುತ್ತದೆ, ಮಿನಿಲ್ಯಾಬಿನ ಜೊತೆಗೂ ಬರುತ್ತದೆ.

ಎಡಗೈ ಕಾರ್ಡ್ ಹಿಡಿದು ಬಲಗೈ ರಾಗ ನುಡಿಸಬೇಕೆನ್ನುವವರಿಗೆ 25 ಮನೆಗಳು ಸಾಲುವುದೇ ಇಲ್ಲ. ಎಡಗೈಗೆ ಒಂದು ಸ್ಥಾಯಿ ಹೋದರೆ ರಾಗಕ್ಕೆ ಉಳಿಯುವುದು ಒಂದೇ. 49ಕ್ಕೆ ಹೋಗಿ, ಸಾಧ್ಯವಾದರೆ ಪೂರ್ಣ ಗಾತ್ರದ ಮನೆಗಳಿಗೆ. ಪಿಯಾನೊ ಕಲಿಯುವ ಮಕ್ಕಳಿಗೆ ಸಣ್ಣ ಮನೆಗಳನ್ನು ಕೊಡಿಸಲೇಬೇಡಿ. ಬೆರಳುಗಳ ಅಳತೆ ತಪ್ಪುತ್ತದೆ.

ಕೆಲವು ಪೆಟ್ಟಿಗೆಗಳಲ್ಲಿ ಸ್ಕೇಲ್ ಎಂಬ ಸೌಲಭ್ಯ ಇರುತ್ತದೆ. ಲಾಂಚ್‌ಕೀ ಮಿನಿಯ ನಾಲ್ಕನೆಯ ತಲೆಮಾರಿಗೆ ಇದು ಬಂದಿದೆ. ಆರಿಸಿದ ಸ್ವರಗಳ ಹೊರಗೆ ಬೆರಳು ತಪ್ಪದಂತೆ ಅದು ಕಾಯುತ್ತದೆ. ಹೆಸರುಗಳು ಪಾಶ್ಚಾತ್ಯವಾದರೂ ಗುರುತು ಕಷ್ಟವಲ್ಲ: ಮೇಜರ್ ಎಂದರೆ ಶಂಕರಾಭರಣದ ಸ್ವರಗಳು, ಡೋರಿಯನ್ ಖರಹರಪ್ರಿಯ, ಫ್ರಿಜಿಯನ್ ಹನುಮತೋಡಿ, ಲಿಡಿಯನ್ ಕಲ್ಯಾಣಿ, ಮಿಕ್ಸೊಲಿಡಿಯನ್ ಹರಿಕಾಂಭೋಜಿ, ನ್ಯಾಚುರಲ್ ಮೈನರ್ ನಟಭೈರವಿ, ಹಾರ್ಮೋನಿಕ್ ಮೈನರ್ ಕೀರವಾಣಿ, ಮೇಜರ್ ಪೆಂಟಾಟೋನಿಕ್ ಮೋಹನ. ಆರೋಹಣ ಅವರೋಹಣಗಳು ಬೇರೆಬೇರೆಯಾದ ರಾಗಗಳಿಗೆ, ವಕ್ರ ಸಂಚಾರಗಳಿಗೆ ಇದರಿಂದ ಉಪಯೋಗವಿಲ್ಲ. ಸ್ವರ ಬಲ್ಲವರು ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

25 ಮನೆಗಳಲ್ಲಿ ಷಡ್ಜ ಎಲ್ಲಿ?

ಹಾರ್ಮೋನಿಯಂನ ಮೂರು, ಮೂರೂವರೆ ಸ್ಥಾಯಿಗಳಿಂದ ಬಂದವರಿಗೆ ಎರಡೇ ಸ್ಥಾಯಿಗಳ ಪೆಟ್ಟಿಗೆ ಇಕ್ಕಟ್ಟೆನಿಸುತ್ತದೆ. ಕಪ್ಪು ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುವವರು ರೂಢಿಯಂತೆ ಮೊದಲ ಕಪ್ಪು ಮನೆಯನ್ನೇ ಷಡ್ಜವೆಂದು ಹಿಡಿದರೆ ಮಂದ್ರ ಪಂಚಮಕ್ಕೆ ಇಳಿಯಲು ಜಾಗವೇ ಇಲ್ಲ. ಪ್ರತಿ ಸಲ ಸ್ಥಾಯಿ ಬದಲಿಸುವ ಗುಂಡಿ ಒತ್ತಬೇಕು, ಹಾಡು ಅಷ್ಟರಲ್ಲಿ ಮುಂದೆ ಹೋಗಿರುತ್ತದೆ.

ಷಡ್ಜವನ್ನು ನಾಲ್ಕನೆಯ ಬಿಳಿ ಮನೆಗೆ ಸರಿಸಿ. ಆಗ ಎಡತುದಿಯ ಮೊದಲ ಮನೆ ಮಂದ್ರ ಪಂಚಮ, ಬಲತುದಿಯ ಕೊನೆಯ ಮನೆ ತಾರ ಪಂಚಮ. ಒಂದು ಮನೆಯೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಭಾವಗೀತೆಗಳ ಬಹುಪಾಲು ಈ ಎರಡು ಪಂಚಮಗಳ ನಡುವೆಯೇ ನಡೆಯುತ್ತದೆ. ಕಲ್ಯಾಣಿಯೂ ಮೋಹನವೂ ಪೂರ್ತಿ ಬಿಳಿ ಮನೆಗಳಲ್ಲೇ ಸಿಗುತ್ತವೆ. ಶಂಕರಾಭರಣಕ್ಕೆ ಮಧ್ಯಮ ಒಂದು ಮಾತ್ರ ಕಪ್ಪು. ಇನ್ನು ಶ್ರುತಿ: ಟ್ರಾನ್ಸ್‌ಪೋಸ್ ಸೌಲಭ್ಯದಿಂದ ನಾಲ್ಕು ಅರೆಸ್ವರ ಇಳಿಸಿದರೆ ಕಪ್ಪು ಒಂದು, ಮೂರು ಏರಿಸಿದರೆ ಕಪ್ಪು ನಾಲ್ಕು. ಗಾಯಕರು ಬದಲಾದಾಗ ಸಂಖ್ಯೆ ಬದಲಿಸಿದರೆ ಸಾಕು, ಬೆರಳುಗಳು ತಮ್ಮ ದಾರಿಯಲ್ಲೇ ಹೋಗುತ್ತವೆ. ಪೆಟ್ಟಿಗೆಯಲ್ಲಿ ಇದಕ್ಕೆ ಗುಂಡಿ ಸಿಗದಿದ್ದರೆ ತಂತ್ರಾಂಶದಲ್ಲಿ ಖಂಡಿತ ಇರುತ್ತದೆ. ಮೊದಲ ವಾರ ಬೆರಳುಗಳು ಹಳೆಯ ಮನೆಗಳನ್ನೇ ಹುಡುಕುತ್ತವೆ, ಆಮೇಲೆ ಹೊಂದಿಕೊಳ್ಳುತ್ತವೆ.

ಜೋಡಿಸುವಾಗ

ಜೋಡಣೆಯ ವಿಷಯದಲ್ಲಿ ನಾಲ್ಕರಲ್ಲಿ ಹೆಚ್ಚು ಭೇದವಿಲ್ಲ. ಯುಎಸ್‌ಬಿ ಸಿಕ್ಕಿಸಿದರೆ ವಿಂಡೋಸ್ ಆಗಲಿ ಮ್ಯಾಕ್ ಆಗಲಿ ಡ್ರೈವರ್ ಕೇಳದೆ ಗುರುತಿಸುತ್ತದೆ. ತಂತ್ರಾಂಶದಲ್ಲಿ ಮಿಡಿ ಇನ್‌ಪುಟ್ ಆಗಿ ಪೆಟ್ಟಿಗೆಯ ಹೆಸರನ್ನು ಆರಿಸಿ, ಒಂದು ಟ್ರ್ಯಾಕಿಗೆ ವಾದ್ಯ ಕೂರಿಸಿ, ಅದನ್ನು ರೆಕಾರ್ಡಿಂಗಿಗೆ ಸಜ್ಜುಗೊಳಿಸಿ. ಸಾಮಾನ್ಯವಾಗಿ ಮನೆಗಳು 1ನೆಯ ಚಾನೆಲ್ಲಿನಲ್ಲಿ, ಪ್ಯಾಡ್‌ಗಳು 10ನೆಯದರಲ್ಲಿ ಮಾತಾಡುತ್ತವೆ. ಪ್ಯಾಡ್ ಬಡಿದಾಗ ಪಿಟೀಲು ಕೂಗಿದರೆ ಕಾರಣ ಇದೇ. ಎರಡು ಟ್ರ್ಯಾಕ್ ಮಾಡಿ ಒಂದೊಂದಕ್ಕೆ ಒಂದೊಂದು ಚಾನೆಲ್ ಕೊಡಿ.

ಜನ ಪೆಟ್ಟಿಗೆಯನ್ನು ದೂರುವುದು ಹೆಚ್ಚಾಗಿ ಸದ್ದು ತಡವಾಗುವುದಕ್ಕೆ. ಆ ತಪ್ಪು ಪೆಟ್ಟಿಗೆಯದಲ್ಲ. ಕಂಪ್ಯೂಟರ್ ಸದ್ದನ್ನು ಕಂತುಗಳಲ್ಲಿ ಕಳಿಸುತ್ತದೆ. ಕಂತು ದೊಡ್ಡದಾದಷ್ಟೂ ಕಾಯುವಿಕೆ ಹೆಚ್ಚು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 1,024ರ ಬಫರ್ (ಒಂದು ಕಂತಿನ ಗಾತ್ರ) ಎಂದರೆ 23 ಮಿಲಿಸೆಕೆಂಡ್, 256 ಎಂದರೆ ಆರಕ್ಕೂ ಕಡಿಮೆ. 256ಕ್ಕೆ ಇಳಿಸಿ, ಸದ್ದು ಚಟಪಟಿಸಿದರೆ ಒಂದು ಹೆಜ್ಜೆ ಮೇಲೇರಿಸಿ. ವಿಂಡೋಸ್‌ನಲ್ಲಿ ಆಡಿಯೋ ಇಂಟರ್‌ಫೇಸಿನ (ಕಂಪ್ಯೂಟರಿನ ಹೊರಗೆ ಜೋಡಿಸುವ ಸದ್ದಿನ ಪೆಟ್ಟಿಗೆಯ) ಎಎಸ್ಐಒ ಎಂಬ, ತಡ ತಗ್ಗಿಸುವ ಡ್ರೈವರನ್ನೋ, ಇಂಟರ್‌ಫೇಸ್ ಇಲ್ಲದಿದ್ದರೆ ಉಚಿತವಾದ ಎಎಸ್ಐಒ4ಆಲ್ ಅನ್ನೋ ಬಳಸಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ನುಡಿಸಬೇಡಿ. ಅದರ ತಡ ಯಾವ ಹೊಂದಾಣಿಕೆಯಿಂದಲೂ ಹೋಗುವುದಿಲ್ಲ, ತಂತಿಯದೇ ಬೇಕು. ಮೈಕ್ರೋಕೀ ಏರ್‌ನ ಬ್ಲೂಟೂತ್ ಬೇರೆ ಬಗೆಯದು. ಅಲ್ಲಿ ಸಾಗುವುದು ಸದ್ದಲ್ಲ, ಪುಟ್ಟ ಮಿಡಿ ಸಂದೇಶಗಳು. ಆದ್ದರಿಂದ ನುಡಿಸಬಹುದಾದಷ್ಟು ಚುರುಕಾಗಿದೆ. ಆದರೂ ರೆಕಾರ್ಡಿಂಗ್ ವೇಳೆ ನಾನು ಅದಕ್ಕೂ ತಂತಿಯನ್ನೇ ಹಾಕುತ್ತೇನೆ.

ಮೊಬೈಲಿನಲ್ಲಿ ನುಡಿಸುವವರಿಗೆ ಐಫೋನ್, ಐಪ್ಯಾಡ್‌ಗಳ ಉಚಿತ ಗ್ಯಾರೇಜ್‌ಬ್ಯಾಂಡ್ ಒಳ್ಳೆಯ ಆರಂಭ. 2023ರ ಐಫೋನ್ 15ರಿಂದೀಚೆಗೆ ಯುಎಸ್‌ಬಿ-ಸಿ ಇದೆ, ಹಳೆಯವಕ್ಕೆ ಕ್ಯಾಮೆರಾ ಅಡಾಪ್ಟರ್ ಬೇಕು. ಆಂಡ್ರಾಯ್ಡ್‌ನಲ್ಲಿ ಒಂದು ಓಟಿಜಿ ತಂತಿ ಸಾಕು, ತಡ ಎಷ್ಟೆಂಬುದು ಮಾತ್ರ ಫೋನಿನಿಂದ ಫೋನಿಗೆ ಬಹಳ ಬದಲಾಗುತ್ತದೆ. ಕೊಳ್ಳುವ ಮುನ್ನ ಫೋನಿನ ಪರದೆಯ ಮೇಲಿನ ಪಿಯಾನೊ ಒತ್ತಿ ನೋಡಿ; ಅಲ್ಲಿ ತಡವಾದರೆ ಕೀಬೋರ್ಡಿನಲ್ಲೂ ಆಗುತ್ತದೆ. ಪೆಡಲ್ ತಲೆಕೆಳಗಾಗಿ ವರ್ತಿಸಿದರೆ, ಅಂದರೆ ಕಾಲು ತೆಗೆದಾಗ ಸ್ವರ ಹಿಡಿದು ನಿಂತರೆ, ಯುಎಸ್‌ಬಿ ತೆಗೆದು, ಪೆಡಲನ್ನು ಮೊದಲು ಸಿಕ್ಕಿಸಿ, ಕಾಲಿಡದೆ ಮತ್ತೆ ಯುಎಸ್‌ಬಿ ಹಾಕಿ. ಹಲವು ಪೆಟ್ಟಿಗೆಗಳು ಪೆಡಲಿನ ಬಗೆಯನ್ನು ಹೊತ್ತಿಕೊಳ್ಳುವ ಕ್ಷಣದಲ್ಲಿಯೇ ಗುರುತಿಸುತ್ತವೆ.

ಬಳಸಿದ್ದನ್ನು ಕೊಳ್ಳಬಹುದೇ?

ಧಾರಾಳವಾಗಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಎಂಬ ಎರಡು ಬೇರೆಬೇರೆ ಕಂಪನಿಗಳ ವಾದ್ಯಗಳು ಒಂದು ತಂತಿಯ ಮೂಲಕ ಮಾತಾಡಿದ್ದವು. ಆ ಭಾಷೆಯೇ ಇಂದಿಗೂ ನಡೆಯುತ್ತಿದೆ. 2020ರಲ್ಲಿ ಮಿಡಿ 2.0 ಬಂದಮೇಲೂ ಹಳೆಯದು ಹಾಗೇ ಉಳಿದಿದೆ. ಆದ್ದರಿಂದ ಹತ್ತು ವರ್ಷ ಹಳೆಯ ಪೆಟ್ಟಿಗೆಯ ಮಾತೂ ಇಂದಿನ ತಂತ್ರಾಂಶಕ್ಕೆ ಅರ್ಥವಾಗುತ್ತದೆ.

ನೋಡಲು ಹೋಗುವಾಗ ಲ್ಯಾಪ್‌ಟಾಪನ್ನು ಜೊತೆಗೆ ಒಯ್ಯಿರಿ. ಪ್ರತಿ ಮನೆಯನ್ನೂ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ, ಬಿರುಸಿನ ಸಂಖ್ಯೆ ಬದಲಾಗುತ್ತಿದೆಯೇ ಪರದೆಯಲ್ಲಿ ನೋಡಿ. ಯಾವಾಗಲೂ 127 ಎಂದೇ ತೋರಿಸುವ ಮನೆ ಕೆಟ್ಟಿದೆ, ಅಥವಾ ಪೂರ್ಣ ಬಿರುಸಿನ ಗುಂಡಿಯನ್ನು ಯಾರೋ ಒತ್ತಿಟ್ಟಿದ್ದಾರೆ. ಪಿಚ್ ಬೆಂಡನ್ನು ಎಳೆದು ಬಿಟ್ಟಾಗ ಸರಿಯಾಗಿ ನಡುವಿಗೆ ಮರಳದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಇಡೀ ಶ್ರುತಿ ಕೂದಲೆಳೆಯಷ್ಟು ವಾರೆಯಾಗಿಯೇ ಇರುತ್ತದೆ, ತಂಬೂರದ ಜೊತೆ ಕೂರುವುದಿಲ್ಲ. ಯುಎಸ್‌ಬಿ ತಂತಿಯನ್ನು ಸಿಕ್ಕಿಸಿ ತುಸು ಅಲುಗಿಸಿ, ದೀಪ ಆರಿ ಹೊತ್ತಿಕೊಂಡರೆ ಕಿಂಡಿ ಸಡಿಲವಾಗಿದೆ ಎಂದರ್ಥ. ಪೆಟ್ಟಿಗೆಯ ಜೊತೆಗೆ ಬಂದ ತಂತ್ರಾಂಶವನ್ನು ಹಳೆಯ ಮಾಲೀಕರು ಈಗಾಗಲೇ ತಮ್ಮ ಹೆಸರಿಗೆ ನೋಂದಾಯಿಸಿರುತ್ತಾರೆ. ಅದು ನಿಮಗೆ ಸಿಗುವುದಿಲ್ಲವೆಂದೇ ಎಣಿಸಿ ಬೆಲೆ ಮಾತಾಡಿ.